ಹಳೇ ಲ್ಯಾಪ್‌ಟಾಪಿನ ಹೊಸ ಕವರು

ಕವರಕ್ಕನ ಕಣ್ಣಿಗೆ ಬಿದ್ದ ಯಾವ ವಸ್ತುವೂ ಬರಿಮೈಯಲ್ಲಿ ಉಳಿಯುವಂತಿರಲಿಲ್ಲ. ಫ್ರಿಜ್ಜು, ಮಿಕ್ಸಿ, ಪಕ್ಕದ ಮನೆಯವರ ಗಿಟಾರು, ಮಹಡಿ ಮೇಲಿನ ಓನರಮ್ಮನ ಹೊಲಿಗೆ ಯಂತ್ರ, ಎಲ್ಲಕ್ಕೂ ಅವಳದೇ ಕವರು. ಅದೇ ಅವಳ ಕಸುಬು, ಬೀದಿಗೆಲ್ಲ ಅದೇ ಅವಳ ಹೆಸರು. ಒಂದು ನೂಲಿನಷ್ಟು ಸಡಿಲವಿದ್ದರೂ ಬಿಚ್ಚಿ ಮತ್ತೆ ಹೊಲಿಯುವ ಜಾತಿ ಅವಳದು. ಜೋಲು ಬಿದ್ದ ಕವರು ಕಂಡರೆ ಮೈ ಉರಿಯುತ್ತಿತ್ತು. ಸ್ವಲ್ಪ ಸಡಿಲವಾಗಿ ಹೊಲಿಯಿರಿ ಎಂದ ಗಿರಾಕಿಗೆ, ಚೀಲ ಬೇಕಿದ್ದರೆ ಅಂಗಡಿಯಲ್ಲಿ ಸಿಗುತ್ತದೆ ಎಂದು ಮುಖಕ್ಕೇ ಹೇಳಿ ಕಳಿಸಿದ್ದೂ ಉಂಟು.

ಅವಳ ಗಂಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಹೇಳುತ್ತಿದ್ದವನು. ಹಾಗಾಗಿ ಮೈಕಣ್ಣ. ಕೆಲಸ ಮುಗಿಸಿ ಮನೆಗೆ ಬಂದ ಮೇಲೂ ಆ ಬಾಯಿ ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕರೆದರೆ "ಅಡುಗೆಮನೆ ಕಡೆಗೆ ಹೋಗುವ ಪ್ರಯಾಣಿಕರೇ" ಎಂದು ತನಗೆ ತಾನೇ ಕೂಗಿಕೊಂಡು ಬರುತ್ತಿದ್ದ. ಅಂಥವನ ತಲೆಯಲ್ಲಿ ಒಂದು ದಿನ ರಕ್ತ ಹೆಪ್ಪುಗಟ್ಟಿತು. ಬಲಗೈ ಸೋತಿತು, ಬಲಗಡೆಯ ನೋಟ ಮಸುಕಾಯಿತು, ಮಾತು ಪೂರಾ ನಿಂತುಹೋಯಿತು. ಕೈಗೆ ನಿಧಾನವಾಗಿ ಒಂದಿಷ್ಟು ಜೀವ ಬಂತು. ಮಾತು ಮಾತ್ರ "ಹೂಂ" ಮತ್ತು "ಅದು" ಎಂಬ ಎರಡರಲ್ಲೇ ಸಿಕ್ಕಿಬಿತ್ತು. ತಲೆಯೊಳಗೆ ಎಲ್ಲ ಇದೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವ ದಾರಿ ಕೆಟ್ಟಿದೆ ಎಂದರು ಡಾಕ್ಟರು. ಮೊದಲ ಕೆಲವು ತಿಂಗಳಲ್ಲಿ ಬಿಡದೆ ಅಭ್ಯಾಸ ಮಾಡಿಸಿದರೆ ಬರಬಹುದು, ತಡವಾದಷ್ಟೂ ಕಷ್ಟ ಎಂದೂ ಹೇಳಿದರು.

ಕವರಕ್ಕ ಅತ್ತದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ ಒಂದೇ ಸಲ. ಆಮೇಲೆ ಸೊಂಟ ಕಟ್ಟಿ ನಿಂತಳು. ಗಂಡನ "ಅದು" ಯಾವಾಗ ನೀರು, ಯಾವಾಗ ಫ್ಯಾನು, ಯಾವಾಗ ಕನ್ನಡಕ ಎಂದು ಕಲಿತಳು. ಅವನು ಬಾಯಿ ತೆರೆಯುವಷ್ಟರಲ್ಲಿ ವಸ್ತು ಕೈಗೆ ಬಂದಿರುತ್ತಿತ್ತು. ನೆಂಟರು ಬಂದು ಹೇಗಿದ್ದೀಯಪ್ಪ ಎಂದು ಅವನನ್ನು ಕೇಳಿದರೆ, ಪರವಾಗಿಲ್ಲ, ನಿನ್ನೆ ಸ್ವಲ್ಪ ನಿದ್ದೆ ಬಂದಿಲ್ಲ ಅಷ್ಟೇ ಎಂದು ಇವಳು ಉತ್ತರ ಕೊಡುತ್ತಿದ್ದಳು. ಇಂಥ ಹೆಂಡತಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಬಂದವರು ಹೊಗಳಿ ಹೋಗುತ್ತಿದ್ದರು. ಮೈಕಣ್ಣ "ಹೂಂ" ಎನ್ನುತ್ತಿದ್ದ.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಿಂದ ಮಾತಿನ ಟೀಚರು ಲ್ಯಾಪ್‌ಟಾಪಿನೊಳಗೆ ಬರುತ್ತಿದ್ದರು. ಪರದೆ ತುಂಬ ಅವರ ಮುಖ. ತುಟಿ ಹೇಗೆ ಕೂಡಬೇಕು, ನಾಲಿಗೆ ಎಲ್ಲಿ ತಾಗಬೇಕು ಎಂದು ದೊಡ್ಡದಾಗಿ ತೋರಿಸುತ್ತಿದ್ದರು. ಫೋನಿನಲ್ಲಿ ಒಮ್ಮೆ ಮಾಡಿ ನೋಡಿದ್ದಾಗಿತ್ತು. ಅಷ್ಟು ಚಿಕ್ಕ ಪರದೆಯಲ್ಲಿ ತುಟಿ ಸರಿಯಾಗಿ ಕಾಣದೆ ಮೈಕಣ್ಣ ರೇಗಿ ಗೋಡೆಗೆ ಮುಖ ಮಾಡಿದ್ದ. ಲ್ಯಾಪ್‌ಟಾಪು ಕೊಟ್ಟವನು ಅವನ ತಮ್ಮ, ಕವರಕ್ಕನ ಮೈದುನ. ಅವನ ಆಫೀಸಿನವರು ಬೇಡವೆಂದು ಮೂಲೆಗೆ ಹಾಕಿದ್ದ, ಇಟ್ಟಿಗೆಯಂಥ ಯಂತ್ರ ಅದು. ಇಂಟರ್ನೆಟ್ಟು ಮಾತ್ರ ಮಹಡಿ ಮೇಲಿನ ಓನರಮ್ಮನ ದಯೆ. ಅವರ ವೈಫೈ ಸೂರು ದಾಟಿ ಕೆಳಗೆ ಇಳಿದುಬರುತ್ತಿತ್ತು.

ಅಭ್ಯಾಸ ಫಲ ಕೊಡತೊಡಗಿತ್ತು. "ನೀರು" ಬಂತು, "ಬಾಗಿಲು" ಬಂತು. ಒಂದು ಮಂಗಳವಾರ ಟೀಚರು ಚಿತ್ರ ತೋರಿಸಿದಾಗ ಮೈಕಣ್ಣ ತಡವರಿಸಿ ತಡವರಿಸಿ "ಬಸ್ಸು" ಎಂದ. ಕವರಕ್ಕನಿಗೆ ಆದ ಸಂತೋಷಕ್ಕೆ ಮಿತಿಯೇ ಇರಲಿಲ್ಲ. ಆ ಲ್ಯಾಪ್‌ಟಾಪನ್ನು ಮುತ್ತಿಡುವುದೊಂದು ಬಾಕಿ. ಇಷ್ಟು ಉಪಕಾರ ಮಾಡಿದ ಯಂತ್ರ ಹಳೇ ಟವೆಲಿನಲ್ಲಿ ಸುತ್ತಿಕೊಂಡು ಬಿದ್ದಿದೆಯಲ್ಲ ಎಂದು ತನ್ನ ಮೇಲೇ ಸಿಟ್ಟಾಗಿ, ಅದೇ ವಾರ ಕೂತು ಅದಕ್ಕೊಂದು ಕವರು ಹೊಲಿದಳು. ಹೊರಗೆ ದಪ್ಪ ನೀಲಿ ಬಟ್ಟೆ, ಒಳಗೆ ಮೆತ್ತನೆಯ ಲೈನಿಂಗು, ಒಂದು ಪಕ್ಕಕ್ಕೆ ಜಿಪ್ಪು. ಲ್ಯಾಪ್‌ಟಾಪು ಅದರೊಳಗೆ ಹೋಗಬೇಕಾದರೆ ಮೊಣಕಾಲು ಕೊಟ್ಟು ತಳ್ಳಬೇಕು, ಬರಬೇಕಾದರೆ ಜಗ್ಗಿ ಎಳೆಯಬೇಕು. ಅಷ್ಟು ಚೆನ್ನಾಗಿ ಕೂತಿತ್ತು.

ಮುಂದಿನ ಮಂಗಳವಾರ ವೈಫೈ ಬರಲಿಲ್ಲ.

ಪರದೆಯ ಮೂಲೆಯಲ್ಲಿ ಬಾಗಿದ ಗೆರೆಗಳಿರುತ್ತಿದ್ದ ಜಾಗದಲ್ಲಿ ಕೆಂಪು ಗುರುತೊಂದು ಕೂತಿತ್ತು. ಕವರಕ್ಕ ಲ್ಯಾಪ್‌ಟಾಪು ಆರಿಸಿ ಹಚ್ಚಿದಳು. ಮೇಲೆ ಓಡಿಹೋಗಿ ಓನರಮ್ಮನ ವೈಫೈ ಪೆಟ್ಟಿಗೆಯನ್ನೂ ಆರಿಸಿ ಹಚ್ಚಿಸಿದಳು. ಓನರಮ್ಮನ ಫೋನಿನಲ್ಲಿ ಸಿನಿಮಾ ಸಲೀಸಾಗಿ ಓಡುತ್ತಿತ್ತು. ಕೆಳಗೆ ಬಂದರೆ ಅದೇ ಕೆಂಪು ಗುರುತು. ಲ್ಯಾಪ್‌ಟಾಪನ್ನು ಎತ್ತಿಕೊಂಡು ಕಿಟಕಿಗೆ ಹೋದಳು, ಬಾಗಿಲಿಗೆ ಹೋದಳು, ಕೊನೆಗೆ ಮೆಟ್ಟಿಲ ಮೇಲೆ ನಿಂತು ಮಗುವಿಗೆ ಬೆಳಕು ತೋರಿಸುವ ಹಾಗೆ ಮೇಲಕ್ಕೆತ್ತಿ ಹಿಡಿದಳು. ತಲೆಬುಡ ತಿಳಿಯಲಿಲ್ಲ. ಮೈಕಣ್ಣ ಕುರ್ಚಿಯಲ್ಲಿ ಕೂತು "ಅದು, ಅದು" ಎನ್ನುತ್ತಿದ್ದ. ಗೊತ್ತು ಕಣ್ರೀ, ಟೀಚರು ಕಾಯ್ತಿರ್ತಾರೆ ಅಂತ ತಾನೇ ನೀವು ಹೇಳೋದು, ಸ್ವಲ್ಪ ತಡೀರಿ ಎಂದು ಅವಳು ಅವನ ಮಾತನ್ನೂ ತಾನೇ ಮುಗಿಸಿದಳು. ಪಾಠದ ಹೊತ್ತು ಮೀರಿಹೋಯಿತು.

ಮಧ್ಯಾಹ್ನ ಟೀಚರು ಫೋನು ಮಾಡಿದರು. ಬೈಯಲಿಲ್ಲ. ತಮ್ಮಲ್ಲಿ ಕಾಯುವವರು ಬಹಳ ಇರುವುದರಿಂದ ಮೂರು ವಾರ ಸತತವಾಗಿ ತಪ್ಪಿದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ, ನಿಯಮ ತನ್ನ ಕೈಯಲ್ಲಿಲ್ಲ ಎಂದು ನೊಂದುಕೊಂಡೇ ಹೇಳಿದರು. ಮೈಕಣ್ಣನ ಬಾಯಿಗೆ ಬಂದಿದ್ದು ಮೂರೇ ಮಾತು. ಈಗ ಬಿಟ್ಟರೆ ಅವೂ ಮರೆತು ಹೋದಾವು ಎಂದು ಕವರಕ್ಕ ಹೆದರಿದಳು.

ಭಾನುವಾರ ಮೈದುನ ಬಂದ. ಅವನಿಗೆ ತಿಳಿಯದ ವಿಷಯ ಲೋಕದಲ್ಲಿ ಇಲ್ಲ, ತಿಳಿದ ಯಾವುದೂ ಸರಿಯಿಲ್ಲ. ತೋಳು ಮಡಚಿ ಕೂತು ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಕಿಟಕಿ ತೆರೆದ. ವೈರ್‌ಲೆಸ್ ಆಫ್ ಆಗಿದೆ ಎಂದು ಪರದೆಯ ಮೇಲೆ ಬಂತು. ಪಕ್ಕದಲ್ಲೇ ಆನ್ ಎಂಬ ಗುಂಡಿಯ ಚಿತ್ರವೂ ಇತ್ತು, ಆದರೆ ಅದು ಬೂದಿ ಬಣ್ಣಕ್ಕೆ ತಿರುಗಿ, ಎಷ್ಟು ಒತ್ತಿದರೂ ಒತ್ತಿಸಿಕೊಳ್ಳಲಿಲ್ಲ. ಆಫ್ ಆಗಿದ್ದರೆ ಆನ್ ಮಾಡಪ್ಪ ಎಂದಳು ಕವರಕ್ಕ. ಅಷ್ಟು ಸುಲಭ ಇದ್ದಿದ್ದರೆ ಯಾಕೆ ಬೇಕಿತ್ತು, ಅದು ಏನು ಕೆಟ್ಟರೂ ಹಾಗೇ ಹೇಳುತ್ತೆ ಎಂದ ಮೈದುನ. ಆಫೀಸಿನಲ್ಲಿ ವರ್ಷಗಟ್ಟಲೆ ಅದೇ ಯಂತ್ರದ ಮುಂದೆ ಕೂತಿದ್ದರೂ ಅದರ ಕಷ್ಟಸುಖ ನೋಡಿಕೊಂಡವರು ಬೇರೆ ಯಾರೋ. ವೈಫೈ ಬೇಡ, ತಂತಿ ಎಳೆಯೋಣವೆಂದು ಪಕ್ಕದ ತೂತು ನೋಡಿದ. ಅದರೊಳಗಿನ ಕಡ್ಡಿಗಳು ಯಾವ ಕಾಲದಲ್ಲೋ ಬಗ್ಗಿಹೋಗಿದ್ದವು. ತನ್ನ ಈಗಿನ ಲ್ಯಾಪ್‌ಟಾಪನ್ನು ಆಫೀಸಿನಿಂದ ಹೊರಗೆ ತರುವಂತಿರಲಿಲ್ಲ. ಸಾಕಷ್ಟು ಹೊತ್ತು ಒದ್ದಾಡಿ ಕೈಚೆಲ್ಲಿದ.

"ಅತ್ತಿಗೆ, ಒಳಗಿನ ಕಾರ್ಡು ಸತ್ತಿದೆ. ರಿಪೇರಿಗೆ ಒಯ್ದುಬಿಡಿ" ಎಂದವನೇ ಲ್ಯಾಪ್‌ಟಾಪನ್ನು ಹೇಗೆ ಬೇಕೋ ಹಾಗೆ ತಿರುಗಿಸಿ ಕವರಿನೊಳಗೆ ತುರುಕಿ, ಚಹಾ ಕುಡಿದು ಹೋದ.

ರಿಪೇರಿ ಅಂಗಡಿ ಮೊಬೈಲು ಅಂಗಡಿಗಳ ನಡುವೆ ಒಂದು ಕಿರಿದಾದ ಗೂಡು. ಗೋಡೆ ತುಂಬ ಜೋತುಬಿದ್ದ ತಂತಿಗಳು. ಸತ್ತ ಕಾರ್ಡಿನ ಕಥೆಯನ್ನೆಲ್ಲ ಕವರಕ್ಕ ಹೇಳಿ ಮುಗಿಸುವಷ್ಟರಲ್ಲಿ ರಿಪೇರಿಯವನು ಲ್ಯಾಪ್‌ಟಾಪನ್ನು ಎಳೆದು ತೆಗೆದು ಹಚ್ಚಿದ್ದ. ಬಾಗಿದ ಗೆರೆಗಳು ನೆಟ್ಟಗೆ ಮೂಲೆಯಲ್ಲಿ ಕೂತಿದ್ದವು. ಅಕ್ಕಪಕ್ಕದ ಅಂಗಡಿಗಳ ವೈಫೈ ಹೆಸರುಗಳೆಲ್ಲ ಸಾಲಾಗಿ ಬಂದವು.

"ಚೆನ್ನಾಗೇ ಇದೆಯಲ್ಲಮ್ಮ" ಎಂದ.

ಕವರಕ್ಕ ಬೆಪ್ಪಾದಳು. ಹಲ್ಲುನೋವೆಂದು ಹೋದಾಗ ಡಾಕ್ಟರ ಮುಂದೆ ನೋವೇ ಮಾಯವಾದವರ ಹಾಗೆ ನಾಚಿಕೆಯೂ ಆಯಿತು. ಬಂದದ್ದು ಬಂದಿದ್ದೀರಿ ಎಂದು ಅವನು ಯಂತ್ರದ ಬೆನ್ನು ಬಿಚ್ಚಿ ಕಾರ್ಡು ತೋರಿಸಿದ. ಉಗುರಗಲದ ಚಪ್ಪಟೆ ತುಂಡು, ಅದಕ್ಕೆ ಕಚ್ಚಿಕೊಂಡ ಕಪ್ಪು ಬಿಳಿ ಎರಡು ತಂತಿ. ಅದನ್ನು ಕಿತ್ತು, ಹೊಳೆಯುವ ತುದಿಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದ. ಹಳೇ ಯಂತ್ರಗಳಲ್ಲಿ ಇದು ಸಡಿಲವಾಗುತ್ತದೆ, ಇನ್ನು ಚಿಂತೆಯಿಲ್ಲ ಎಂದ. ಸಡಿಲ ಎಂಬ ಮಾತು ಕವರಕ್ಕನಿಗೆ ಚೆನ್ನಾಗಿ ಅರ್ಥವಾಯಿತು. ಲ್ಯಾಪ್‌ಟಾಪನ್ನು ಅವನ ಕೈಯಿಂದ ತೆಗೆದುಕೊಂಡು, ತಾನೇ ನೇರ್ಪಾಗಿ ಕವರಿನೊಳಗೆ ಕೂರಿಸಿ, ಎದೆಗವಚಿಕೊಂಡು ಮನೆಗೆ ಬಂದಳು.

ಮರುದಿನ ಮಂಗಳವಾರ. ತೆಗೆದು ಹಚ್ಚಿದರೆ ಕೆಂಪು ಗುರುತು.

ಆ ದಿನದ ಅವಳ ಅವಸ್ಥೆ ಹೇಳತೀರದು. ಅಂಗಡಿಯಲ್ಲಿ ಬದುಕಿದ್ದು ಮನೆಯಲ್ಲಿ ಸತ್ತಿತೆಂದರೆ ಮನೆಯಲ್ಲೇ ಏನೋ ಇದೆ. ಫ್ರಿಜ್ಜಿನಿಂದಲೋ ಎಂದು ಫ್ರಿಜ್ಜು ಆರಿಸಿದಳು. ಕಬ್ಬಿಣದ ಮಂಚದಿಂದಲೋ ಎಂದು ಮಂಚವನ್ನು ಗೋಡೆಯಿಂದ ದೂರ ಎಳೆದಳು. ಯಂತ್ರಕ್ಕೆ ಸೆಕೆಯೋ ಚಳಿಯೋ ಎಂದು ಮುಟ್ಟಿ ನೋಡಿದಳು. ಪಾಠ ಮತ್ತೆ ತಪ್ಪಿತು. ಮೈಕಣ್ಣ ಆ ಕಡೆ ನೋಡುವುದನ್ನೇ ಬಿಟ್ಟು ಕಿಟಕಿಯ ಹೊರಗೆ ಕಣ್ಣಿಟ್ಟಿದ್ದ. ಸಂಜೆ ಅವಳು ಬಸ್ಸಿನ ಚಿತ್ರ ಹಿಡಿದು ಇದೇನು ಎಂದು ಕೇಳಿದಳು. ಅವನು ಬಹಳ ಹೊತ್ತು ನೋಡಿದ. ತುಟಿ ಕೂಡಿತು, ಗಂಟಲು ಏರಿಳಿಯಿತು. ಅವಳಿಗೆ ತಡೆಯಲಾಗಲಿಲ್ಲ, "ಬಸ್ಸು ಅಲ್ವಾ" ಎಂದಳು. "ಹೂಂ" ಎಂದ ಅವನು.

ಮರೆಯುತ್ತಿದ್ದಾನೆ, ಕಣ್ಣೆದುರೇ ಮರೆಯುತ್ತಿದ್ದಾನೆ ಎಂದುಕೊಂಡಳು ಕವರಕ್ಕ.

ಮತ್ತೆ ರಿಪೇರಿಯವನ ಬಳಿಗೆ ಓಡಿದಳು. ಈ ಸಲ ಅಂಗಡಿಯಲ್ಲೂ ಕೆಂಪು ಗುರುತೇ ಬಂತು. ಕವರಕ್ಕನಿಗೆ ಒಂದು ಬಗೆಯಲ್ಲಿ ಸಮಾಧಾನವೇ ಆಯಿತು, ತಾನು ಸುಳ್ಳಿಯಲ್ಲ ಎಂದು ಸಾಬೀತಾಯಿತಲ್ಲ. ರಿಪೇರಿಯವನ ಮುಖ ಮಾತ್ರ ಸಣ್ಣದಾಯಿತು. ಕಾರ್ಡು ಕಿತ್ತು ಉಜ್ಜಿದ. ಆಗಲಿಲ್ಲ. ಅದರ ಸಾಫ್ಟ್‌ವೇರು ಅಳಿಸಿ ಹೊಸದಾಗಿ ಹಾಕಿದ. ಆಗಲಿಲ್ಲ. ಸತ್ತ ಇನ್ನೊಂದು ಲ್ಯಾಪ್‌ಟಾಪಿನಿಂದ ಕಾರ್ಡು ತೆಗೆದು ಇದಕ್ಕೆ ಕಚ್ಚಿಸಿದ. ಅದೂ ಆಫ್ ಎಂದೇ ಹಟ ಹಿಡಿಯಿತು. ಮೊಬೈಲಿನಲ್ಲಿ ಯಾರೋ ಗೆಳೆಯನನ್ನು ಕೇಳಿದ. ಇಬ್ಬರೂ ಸೇರಿ, ದೋಷ ತಾಯಿಬೋರ್ಡಿನಲ್ಲೇ ಇದೆ, ಇಷ್ಟು ಹಳೆಯದಕ್ಕೆ ಅದು ಸಿಗುವುದಿಲ್ಲ ಎಂದು ತೀರ್ಮಾನಿಸಿದರು. ಅವನ ಪ್ರಾಮಾಣಿಕತೆಯಲ್ಲಿ ಕೊರತೆಯಿರಲಿಲ್ಲ. ಈ ಯಂತ್ರ ಹುಟ್ಟಿದಾಗ ಅವನು ಇನ್ನೂ ಶಾಲೆಯಲ್ಲಿದ್ದ, ಅಷ್ಟೇ.

ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಕವರಕ್ಕ ಹೊಲಿಗೆ ಯಂತ್ರದ ಮುಂದೆ ಬಂದು ಕೂತಳು. ನಾಳೆ ಬೆಳಿಗ್ಗೆ ತಪ್ಪಿದರೆ ಮುಗಿಯಿತು. ಹೊಲಿಯಲು ಕೆಲಸ ಬೇಕಾದಷ್ಟಿತ್ತು, ಕೈ ಓಡಲಿಲ್ಲ. ಲ್ಯಾಪ್‌ಟಾಪು ಹೇಗೂ ಹೋಯಿತು, ಕವರನ್ನಾದರೂ ಬಿಚ್ಚಿ ಬೇರೆ ಯಾವುದಕ್ಕಾದರೂ ಬಳಸೋಣವೆಂದು ಲ್ಯಾಪ್‌ಟಾಪನ್ನು ಹೊರಗೆಳೆದು ಮೇಜಿನ ಮೇಲಿಟ್ಟು, ಕೊನೆಯದಾಗಿ ಒಮ್ಮೆ ಹಚ್ಚಿ ಅದೇ ಕೆಂಪು ಗುರುತು ಕಂಡು, ಕವರನ್ನು ಒಳಹೊರಗು ಮಾಡಿದಳು. ಮಾಡಿದವಳ ಹುಬ್ಬು ಗಂಟಾಯಿತು.

ಲೈನಿಂಗಿನ ಒಂದು ಅಂಚಿನುದ್ದಕ್ಕೂ ಬಟ್ಟೆ ಜುಂಗೆದ್ದಿತ್ತು. ಗೆರೆ ಎಳೆದ ಹಾಗೆ, ಆ ತುದಿಯಿಂದ ಈ ತುದಿಯವರೆಗೆ. ಹೊಲಿದು ಇನ್ನೂ ತಿಂಗಳಾಗಿಲ್ಲ, ಯಾವುದೋ ಚೂಪು ವಸ್ತು ಒಂದೇ ಜಾಗದಲ್ಲಿ ಹೋಗುತ್ತ ಬರುತ್ತ ಉಜ್ಜಿ ತನ್ನ ಲೈನಿಂಗನ್ನು ಹಾಳು ಮಾಡಿದೆ. ವೈಫೈ ಹೋದದ್ದಕ್ಕೆ ಕಂಗೆಟ್ಟಿದ್ದವಳಿಗೆ ಈಗ ಬಂದದ್ದು ಶುದ್ಧ ಸಿಟ್ಟು. ಬಟ್ಟೆಯ ವಿಷಯದಲ್ಲಿ ಅವಳಿಗೆ ಯಾರ ಸಲಹೆಯೂ ಬೇಕಿರಲಿಲ್ಲ. ಕವರನ್ನು ಲ್ಯಾಪ್‌ಟಾಪಿನ ಪಕ್ಕ ಹಿಡಿದು ಅಳತೆ ನೋಡಿದಳು. ಗೆರೆ ಬರುವುದು ಮುಂದಿನ ಅಂಚಿಗೆ. ಕನ್ನಡಕ ಹಾಕಿ ಆ ಅಂಚಿನ ಮೇಲೆ ಬೆರಳಾಡಿಸಿದಳು.

ಮುಚ್ಚಳದ ಚಿಲಕದ ಪಕ್ಕದಲ್ಲಿ, ಚಿಲಕದ್ದೇ ಭಾಗವೆಂದು ಎಲ್ಲರೂ ಅಂದುಕೊಂಡಿದ್ದ ಜಾಗದಲ್ಲಿ, ಅಕ್ಕಿಕಾಳಿನಷ್ಟು ಒಂದು ಮೊಳೆ ಹೊರಗೆ ಚಾಚಿತ್ತು. ಬಣ್ಣವೆಲ್ಲ ಸವೆದು ಗುರುತೇ ಸಿಗದ ಹಾಗಾಗಿತ್ತು. ಅದರ ಸಂದಿಯಲ್ಲಿ ಅವಳ ಲೈನಿಂಗಿನ ಒಂದು ಎಳೆ ಸಿಕ್ಕಿಕೊಂಡಿತ್ತು. ಕಳ್ಳ ಸಿಕ್ಕಿಬಿದ್ದ ಎಂದು ಅವಳು ಉಗುರಿನಿಂದ ಆ ಎಳೆಯನ್ನು ಕೀಳಲು ಹೋದಾಗ ಮೊಳೆ ಬಲಕ್ಕೆ ಸರಿಯಿತು. ಕಟ್ ಎಂದಿತು. ಕೀಲಿಮಣೆಯ ಮೇಲುಗಡೆ ಎಂದೂ ಗಮನಿಸಿರದ ಒಂದು ಸಣ್ಣ ದೀಪ ನೀಲಿಯಾಗಿ ಹೊತ್ತಿತು. ಪರದೆಯ ಮೂಲೆಯ ಕೆಂಪು ಗುರುತು ಹೋಗಿ ಗೆರೆಗಳು ಬಂದವು.

ಕವರಕ್ಕ ಮೊಳೆಯನ್ನು ಎಡಕ್ಕೆ ಸರಿಸಿದಳು, ಆರಿತು. ಬಲಕ್ಕೆ ಸರಿಸಿದಳು, ಹೊತ್ತಿತು. ಇದೆಂಥ ಸ್ವಿಚ್ಚು, ಇದನ್ನು ಇಷ್ಟು ದಿನ ಆರಿಸಿದವರು ಯಾರು ಎಂದು ಸುತ್ತ ನೋಡಿದಳು. ಕೈಯಲ್ಲಿ ಕವರು ಇತ್ತು.

ಆಮೇಲೆ ನಿಧಾನವಾಗಿ, ಹೆದರುತ್ತ ಹೆದರುತ್ತ, ಲ್ಯಾಪ್‌ಟಾಪನ್ನು ಕವರಿನೊಳಗೆ ತಳ್ಳಿ ಹೊರಗೆಳೆದಳು. ತಳ್ಳುವಾಗ ಬಿಗಿ ಬಟ್ಟೆ ಮೊಳೆಯನ್ನು ಒಂದು ಕಡೆಗೆ ಉಜ್ಜುತ್ತಿತ್ತು, ಎಳೆಯುವಾಗ ಇನ್ನೊಂದು ಕಡೆಗೆ. ಅವಳು ನೇರ್ಪಾಗಿ ಇಟ್ಟು ತೆಗೆದಾಗಲೆಲ್ಲ ವೈಫೈ ಆರಿಯೇ ಹೊರಬರುತ್ತಿತ್ತು. ಮೈದುನ ತಿರುಗಾಮುರುಗಾ ತುರುಕಿದ ದಿನ ಮಾತ್ರ ಬಟ್ಟೆ ಅದನ್ನು ಉಲ್ಟಾ ಉಜ್ಜಿ ಹೊತ್ತಿಸಿತ್ತು. ಕಾರ್ಡು ಸತ್ತಿರಲಿಲ್ಲ, ತಾಯಿಬೋರ್ಡೂ ಸತ್ತಿರಲಿಲ್ಲ. ಸಡಿಲವಾಗಿ ಹೊಲಿದಿದ್ದರೆ ಏನೂ ಆಗುತ್ತಿರಲಿಲ್ಲ. ಎರಡು ಪಾಠ ತಿಂದದ್ದು ಅವಳ ಕೈಗುಣ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಈ ವಿಷಯ ಮೈದುನನ ಕಿವಿಗೆ ಬಿದ್ದರೆ ಸಾಯುವವರೆಗೂ ಆಡಿಕೊಳ್ಳುತ್ತಾನೆ, ಅವನಿಗೆ ಹೇಳಬಾರದು ಎಂದು ಅಲ್ಲೇ ನಿಶ್ಚಯಿಸಿದಳು. ಗಂಡನಿಗೆ ಹೇಳಿದಳು. ಅವನು ಮೊಳೆಯನ್ನು ಎಡಗೈಯ ಹೆಬ್ಬೆರಳಿನಿಂದ ಒಮ್ಮೆ ಸರಿಸಿ ನೋಡಿ, ಅವಳ ಮುಖ ನೋಡಿ, ಕಾಯಿಲೆ ಬಂದಂದಿನಿಂದ ನಗದ ಹಾಗೆ ಭುಜ ಕುಲುಕಿಸಿ ನಕ್ಕ. ಅವಳೂ ನಕ್ಕಳು. ಎಲ್ಲ ಸರಿಹೋಯಿತು ಎಂದು ಅವಳಿಗೆ ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ಪರದೆಯ ತುಂಬ ಟೀಚರ ಮುಖ ಬಂತು. ಕವರಕ್ಕ ಎಂದಿನಂತೆ ಗಂಡನ ಕುರ್ಚಿಗೆ ತನ್ನ ಕುರ್ಚಿ ತಾಗಿಸಿ ಕೂತಿದ್ದಳು. ಎರಡು ವಾರ ಏನು ಮಾಡಿದಿರಿ ಸರ್ ಎಂದು ಟೀಚರು ಕೇಳಿದರು. ಅಯ್ಯೋ ಏನು ಹೇಳೋದು ಟೀಚರ್ ಎಂದು ಶುರುಮಾಡಿದ ಕವರಕ್ಕ ಮೆಟ್ಟಿಲು, ಮಂಚ, ರಬ್ಬರು, ತಾಯಿಬೋರ್ಡು ಎಲ್ಲ ಹೇಳಿ ಮುಗಿಸಿದಳು. ಟೀಚರು ನಗುತ್ತ ಕೇಳಿಸಿಕೊಂಡರು. ಆಮೇಲೆ, ಪಾಠವಿಲ್ಲದ ಈ ಎರಡು ವಾರ ತಾವು ಹಿಂದಿನ ಪಾಠಗಳ ರೆಕಾರ್ಡಿಂಗನ್ನೆಲ್ಲ ಕೂತು ನೋಡಿದ್ದಾಗಿ ಹೇಳಿದರು.

"ಅಮ್ಮ, ತಪ್ಪು ತಿಳೀಬೇಡಿ. ಇವತ್ತು ನೀವು ಸ್ವಲ್ಪ ಹೊರಗೆ ಕೂತ್ಕೊಳ್ತೀರಾ? ಬಾಗಿಲು ಹಾಕ್ಕೊಂಡು."

ಕವರಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅವರಿಗೆ ನಾನಿಲ್ಲದೆ ಆಗಲ್ಲ ಟೀಚರ್, ಅವರು ಹೇಳೋದು ನಿಮಗೆ ತಿಳಿಯಲ್ಲ ಎಂದಳು. ನೋಡೋಣ ಎಂದರು ಟೀಚರು. ಗಂಡ ತಡೆಯುತ್ತಾನೆ ಎಂದು ಅವನ ಕಡೆ ನೋಡಿದಳು. ಅವನು ತನ್ನ ಸೋತ ಬಲಗೈಯನ್ನು ನೋಡಿಕೊಳ್ಳುತ್ತಿದ್ದ, ತಲೆ ಎತ್ತಲಿಲ್ಲ. ಅವಳು ಎದ್ದು ಹೊರಗೆ ಬಂದು ಬಾಗಿಲೆಳೆದಳು.

ಹೊರಗೆ ಕೂರಲಿಲ್ಲ. ಬಾಗಿಲಿಗೆ ಕಿವಿಯಿಟ್ಟು ನಿಂತಳು. ಒಳಗೆ ಟೀಚರು ಏನೋ ಕೇಳಿದರು. ಉತ್ತರವಿಲ್ಲ. ಮತ್ತೆ ಕೇಳಲೂ ಇಲ್ಲ. ಯಾಕೆ ಸುಮ್ಮನಿದ್ದಾರೆ, ಕೇಳಬಾರದೇ, ಒಂದು ಅಕ್ಷರವಾದರೂ ಎತ್ತಿಕೊಡಬಾರದೇ ಎಂದು ಕವರಕ್ಕ ಬಾಗಿಲ ಹಿಡಿಕೆಯನ್ನು ಹಿಸುಕಿದಳು. ಬೀದಿಯಲ್ಲಿ ಒಂದು ಸ್ಕೂಟರು ಹೋಯಿತು, ಮೇಲೆ ಓನರಮ್ಮನ ಕುಕ್ಕರು ಕೂಗಿತು. ಆಮೇಲೆ, ಎಂದೋ ನಿಂತುಹೋಗಿದ್ದ ದನಿ ಬಂತು.

"ನಾನು," ಎಂದ ಮೈಕಣ್ಣ. ಬಹಳ ಹೊತ್ತು ಬಿಟ್ಟು, "ಹೇಳ್ತೀನಿ."

ಟೀಚರು ಮಾತಾಡಲಿಲ್ಲ.

"ಇವಳು. ಒಳ್ಳೆಯವಳು." ಉಸಿರು ಎಳೆದುಕೊಂಡ ಸದ್ದು. "ಮಾತಾಡೋಕೆ. ಬಿಡಲ್ಲ."

ಕವರಕ್ಕನ ಕೈ ಹಿಡಿಕೆಯಿಂದ ಜಾರಿತು. ತಿಂಗಳುಗಟ್ಟಲೆ ಆ ಬಾಯಿಂದ ಒಂದು ಪೂರ್ತಿ ಮಾತು ಬರಲಿ ಎಂದು ಕಾದಿದ್ದಳು. ಬಂತು, ತನ್ನ ಮೇಲಿನ ದೂರಾಗಿ ಬಂತು. ನೋವಾಯಿತು, ಚೆನ್ನಾಗಿಯೇ ನೋವಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಆದರೂ ಇನ್ನೊಮ್ಮೆ ಹೇಳಿಸಿ ಕೇಳಬೇಕೆನಿಸುವಷ್ಟು ಸಂತೋಷವೂ ಆಯಿತು. ಎರಡನ್ನೂ ಒಟ್ಟಿಗೆ ಏನು ಮಾಡಬೇಕೆಂದು ಗೊತ್ತಾಗದೆ ಅವಳು ಗೋಡೆ ಹಿಡಿದು ನಿಂತಳು.

ಒಳಗೆ ಟೀಚರು, ಅಮ್ಮ ಒಳಗೆ ಬಂದರೆ ಅವರಿಗೆ ಏನು ಹೇಳ್ತೀರಿ ಎಂದು ಕೇಳಿದರು. ಮೈಕಣ್ಣ ತಡಕಾಡತೊಡಗಿದ. ಮೊದಲ ಅಕ್ಷರಕ್ಕೇ ನಾಲಿಗೆ ಸಿಕ್ಕಿಕೊಂಡು, ಬಿಡಿಸಿಕೊಂಡು, ಮತ್ತೆ ಸಿಕ್ಕಿಕೊಳ್ಳುತ್ತಿತ್ತು. ಅವನು ಏನು ಹೇಳಲು ಹೊರಟಿದ್ದಾನೆಂದು ಕವರಕ್ಕನಿಗೆ ಗೊತ್ತಾಯಿತು. ಮಾತು ಅವಳ ತುದಿನಾಲಿಗೆಗೇ ಬಂದು ನಿಂತಿತು. ಅವಳು ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡು, ಅವನು ಹೇಳುವುದನ್ನು ಕಾಯುತ್ತ ನಿಂತಳು.